ಟೆನಿಸ್ ಆಟಗಾರ ಪಂದ್ಯ ಅರ್ಧಕ್ಕೆ ಬಿಟ್ಟರೆ ಬೆಟ್ ಹಣ ಯಾರಿಗೆ? ‘ಮೋಸ’ ಎನ್ನುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ದೊಡ್ಡ ಟೆನಿಸ್ ಪಂದ್ಯದಲ್ಲಿ ಆಟಗಾರನೊಬ್ಬ ಗಾಯಗೊಂಡು ಅರ್ಧಕ್ಕೇ ಹೊರನಡೆದರೆ ಸಾಕು, ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಸಂದೇಶಗಳು ಹರಿದಾಡತೊಡಗುತ್ತವೆ. ಹೆಚ್ಚಾಗಿ ಕಾಣುವುದು ಮೂರು ಬಗೆ. ಒಂದು, ‘ಆಟಗಾರ ಬುಕ್ಕಿಗಳಿಗೆ ಮಾರಿಕೊಂಡಿದ್ದಾನೆ’. ಎರಡು, ‘ಕಂಪನಿ ಬೆಟ್ ರದ್ದು ಮಾಡಿ ಜನರ ಹಣ ನುಂಗಿತು’. ಮೂರು, ‘ಇಬ್ಬರ ಮೇಲೂ ಬೇರೆ ಬೇರೆ ಕಡೆ ಬೆಟ್ ಕಟ್ಟಿದರೆ ನಷ್ಟವೇ ಇಲ್ಲ’. ಈ ಮೂರನ್ನೂ ಇಲ್ಲಿ ಪರಿಶೀಲಿಸಿದ್ದೇವೆ.

ಚಿಕ್ಕದಾಗಿ ಹೇಳುವುದಾದರೆ: ಆಟಗಾರ ಅರ್ಧಕ್ಕೆ ಬಿಟ್ಟನೆಂಬುದೊಂದೇ ಮೋಸಕ್ಕೆ ಸಾಕ್ಷಿಯಲ್ಲ. ಬೆಟ್ ರದ್ದಾಗಿ ಕಟ್ಟಿದ ಹಣ ವಾಪಸ್ ಬರುವುದೂ ತಾನಾಗಿಯೇ ವಂಚನೆಯಲ್ಲ. ಎಲ್ಲರಿಗೂ ನ್ಯಾಯ ಒದಗಿಸುವ ನಿಯಮ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಪಂದ್ಯಕ್ಕೆ ಮುಂಚೆಯೇ ನಿಯಮ ಹೇಳಿ, ಫಲಿತಾಂಶ ನೋಡಿ ಅದನ್ನು ಬದಲಿಸದೆ ಇರುವುದೇ ಇಲ್ಲಿ ಸಿಗಬಹುದಾದ ನ್ಯಾಯ. ‘ನಷ್ಟವಿಲ್ಲದ ಬೆಟ್’ ಎಂಬ ಮೂರನೆಯ ಸಂದೇಶವಂತೂ ತಪ್ಪು.

‘ರಿಟೈರ್ಡ್’ ಎಂದರೆ ವಿದಾಯವಲ್ಲ

ಸ್ಕೋರಿನ ಪಕ್ಕದಲ್ಲಿ ‘ರಿಟೈರ್ಡ್’ ಎಂದಿದ್ದರೆ ಆಟಗಾರ ಟೆನಿಸ್‌ಗೇ ವಿದಾಯ ಹೇಳಿದ ಎಂದರ್ಥವಲ್ಲ. ಶುರುವಾದ ಪಂದ್ಯವನ್ನು ಗಾಯ ಅಥವಾ ಅನಾರೋಗ್ಯದಿಂದ ನಡುವೆ ಬಿಟ್ಟ ಎಂದಷ್ಟೇ. ಪಂದ್ಯ ಶುರುವಾಗುವ ಮೊದಲೇ ಹಿಂದೆ ಸರಿದರೆ ಅದು ವಾಕೋವರ್. ಅಶಿಸ್ತಿಗಾಗಿ ಅಂಪೈರ್ ಅಥವಾ ರೆಫರಿ ಹೊರಹಾಕಿದರೆ ಅದು ಡಿಫಾಲ್ಟ್. ಮೂರರಲ್ಲೂ ಎದುರಾಳಿ ಮುಂದಿನ ಸುತ್ತಿಗೆ ಹೋಗುತ್ತಾನೆ. ವಾಕೋವರ್ ಆದರೆ ಪಂದ್ಯದ ಮೇಲಿನ ಬೆಟ್ ಸಾಮಾನ್ಯವಾಗಿ ರದ್ದಾಗುತ್ತದೆ. ತಕರಾರು ಬರುವುದು ಉಳಿದ ಎರಡರಲ್ಲಿ.

ಚಾಲ್ತಿಯಲ್ಲಿರುವ ನಾಲ್ಕು ನಿಯಮಗಳು

ಟೆನಿಸ್ ಸಂಸ್ಥೆಗಳು ಪಂದ್ಯದ ಫಲಿತಾಂಶ ದಾಖಲಿಸುತ್ತವೆ, ಬೆಟ್ ಲೆಕ್ಕ ಚುಕ್ತಾ ಮಾಡುವುದು ಅವುಗಳ ಕೆಲಸವಲ್ಲ. ಬೆಟ್ಟಿಂಗ್ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಪ್ರತಿ ಕಂಪನಿಯೂ ತನ್ನದೇ ನಿಯಮ ಇಟ್ಟುಕೊಂಡಿರುತ್ತದೆ. ಮುಖ್ಯವಾದವು ನಾಲ್ಕು:

• ಒಂದು ಚೆಂಡಿನ ನಿಯಮ: ಮೊದಲ ಸರ್ವ್ ಅಥವಾ ಮೊದಲ ಪಾಯಿಂಟ್ ಆದರೆ ಸಾಕು, ಮುಂದಿನ ಸುತ್ತಿಗೆ ಹೋದವರೇ ವಿಜೇತರು.
• ಒಂದು ಸೆಟ್ ನಿಯಮ: ಕನಿಷ್ಠ ಒಂದು ಸೆಟ್ ಮುಗಿದಿದ್ದರೆ ಮಾತ್ರ ಬೆಟ್ ಊರ್ಜಿತ, ಇಲ್ಲದಿದ್ದರೆ ರದ್ದು.
• ಎರಡು ಸೆಟ್ ನಿಯಮ: ಎರಡು ಸೆಟ್ ಮುಗಿದಿರಬೇಕು.
• ಪೂರ್ಣ ಪಂದ್ಯದ ನಿಯಮ: ಕೊನೆಯ ಪಾಯಿಂಟ್‌ವರೆಗೆ ಆಡಿರಬೇಕು, ಇಲ್ಲದಿದ್ದರೆ ಎಲ್ಲ ಬೆಟ್ ರದ್ದು, ಕಟ್ಟಿದ ಹಣ ವಾಪಸ್.

ಆಗಲೇ ತೀರ್ಮಾನವಾಗಿರುವ ಸಂಗತಿಗಳ ಲೆಕ್ಕ ಸಾಮಾನ್ಯವಾಗಿ ಬೇರೆ. ‘ಮೊದಲ ಸೆಟ್ ಯಾರಿಗೆ’ ಎಂಬ ಬೆಟ್, ಆ ಸೆಟ್ ಮುಗಿದಿದ್ದರೆ, ಪಂದ್ಯ ನಿಂತರೂ ಊರ್ಜಿತವಾಗಿರುತ್ತದೆ.

ಪಂದ್ಯ ಒಂದೇ, ಲೆಕ್ಕ ಹಲವು

ಮೂರು ಪ್ರಸಿದ್ಧ ಪಂದ್ಯಗಳನ್ನು ಈ ನಿಯಮಗಳಿಗೆ ಹಚ್ಚಿ ನೋಡೋಣ.

2020ರ ಅಮೆರಿಕ ಓಪನ್, ನಾಲ್ಕನೇ ಸುತ್ತು. ನೊವಾಕ್ ಜೊಕೊವಿಚ್ ಮೊದಲ ಸೆಟ್‌ನಲ್ಲಿ 5–6ರಿಂದ ಹಿಂದಿದ್ದಾಗ ಹೊಡೆದ ಚೆಂಡು ಲೈನ್ ಅಂಪೈರ್‌ಗೆ ತಗುಲಿ ಡಿಫಾಲ್ಟ್ ಆಯಿತು. ಪಾಬ್ಲೊ ಕರೆನೊ ಬುಸ್ಟಾ ಮುಂದಿನ ಸುತ್ತಿಗೆ ಹೋದರು. ಡಿಫಾಲ್ಟ್‌ಗೂ ಇದೇ ನಿಯಮ ಹಚ್ಚಿದರೆ, ಒಂದು ಚೆಂಡಿನ ನಿಯಮದಲ್ಲಿ ಕರೆನೊ ಬುಸ್ಟಾ ಮೇಲೆ ಕಟ್ಟಿದವರಿಗೆ ಗೆಲುವು. ಉಳಿದ ಮೂರರಲ್ಲೂ ಬೆಟ್ ರದ್ದು, ಏಕೆಂದರೆ ಒಂದು ಸೆಟ್ಟೂ ಮುಗಿದಿರಲಿಲ್ಲ.

2025ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್. ಮೊದಲ ಸೆಟ್ಟನ್ನು ಟೈಬ್ರೇಕ್‌ನಲ್ಲಿ ಕಳೆದುಕೊಂಡ ಕೂಡಲೇ ಜೊಕೊವಿಚ್ ಹಿಂದೆ ಸರಿದರು. ಒಂದು ಚೆಂಡು ಮತ್ತು ಒಂದು ಸೆಟ್ ನಿಯಮಗಳಲ್ಲಿ ಅಲೆಕ್ಸಾಂಡರ್ ಜ್ವೆರೆವ್ ಮೇಲಿನ ಬೆಟ್ ಗೆದ್ದಿತು. ಇನ್ನೆರಡರಲ್ಲಿ ರದ್ದು.

2025ರ ವಿಂಬಲ್ಡನ್, ನಾಲ್ಕನೇ ಸುತ್ತು. ಗ್ರಿಗೋರ್ ಡಿಮಿಟ್ರೊವ್ ಅಗ್ರಶ್ರೇಯಾಂಕದ ಯಾನಿಕ್ ಸಿನ್ನರ್ ವಿರುದ್ಧ 6–3, 7–5ರಿಂದ ಎರಡು ಸೆಟ್ ಗೆದ್ದಿದ್ದರು. ಮೂರನೇ ಸೆಟ್ 2–2 ಇದ್ದಾಗ ಎದೆಯ ಸ್ನಾಯುವಿಗೆ ಪೆಟ್ಟಾಗಿ ಆಟ ಬಿಡಬೇಕಾಯಿತು. ಒಂದೂ ಸೆಟ್ ಗೆಲ್ಲದ ಸಿನ್ನರ್ ಕ್ವಾರ್ಟರ್‌ಫೈನಲ್ ತಲುಪಿ, ಮುಂದೆ ಪ್ರಶಸ್ತಿಯನ್ನೂ ಗೆದ್ದರು. ಮೊದಲ ಮೂರು ನಿಯಮಗಳಲ್ಲಿ ಸಿನ್ನರ್ ಮೇಲೆ ಕಟ್ಟಿದವರಿಗೆ ಹಣ, ಡಿಮಿಟ್ರೊವ್ ಮೇಲೆ ಕಟ್ಟಿದವರಿಗೆ ಶೂನ್ಯ. ಪೂರ್ಣ ಪಂದ್ಯದ ನಿಯಮದಲ್ಲಿ ಮಾತ್ರ ಇಬ್ಬರಿಗೂ ಹಣ ವಾಪಸ್.

ಹಾಗಾದರೆ ಯಾವ ನಿಯಮ ನ್ಯಾಯ?

‘ಎರಡು ಸೆಟ್ ಮುಂದಿದ್ದವನ ಮೇಲೆ ಕಟ್ಟಿದ್ದೆ, ಸೋತೆ ಅಂದರೆ ಹೇಗೆ?’ ಎಂಬ ಸಿಟ್ಟು ಸಹಜ. ಆದರೆ ಟೆನಿಸ್ ದಾಖಲೆಯಲ್ಲೂ ಆ ಪಂದ್ಯ ಗೆದ್ದವರು ಸಿನ್ನರ್ ಅವರೇ. ಐದು ಸೆಟ್ ಆಡುವ ದೇಹಬಲವೂ ಆಟದ ಭಾಗವೇ ಎಂಬುದು ಒಂದು ವಾದ. ಆಟದ ಮೇಲೆ ಬೆಟ್ ಕಟ್ಟಿದ್ದು, ಸ್ನಾಯುವಿನ ಮೇಲಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ.

ನ್ಯಾಯದ ಜೊತೆಗೆ ಆಮಿಷವನ್ನೂ ನೋಡಬೇಕು. ಆಟಗಾರನಿಗೆ ಮೊದಲೇ ನೋವಿರುವುದು ಅವನ ಹತ್ತಿರದವರಿಗೆ ಮಾತ್ರ ಗೊತ್ತಿದೆ ಎಂದುಕೊಳ್ಳಿ. ಒಂದು ಚೆಂಡಿನ ನಿಯಮವಿದ್ದರೆ ಅವರು ಎದುರಾಳಿಯ ಮೇಲೆ ಹಣ ಕಟ್ಟಿ, ಆಟಗಾರ ಎರಡು ಗೇಮ್ ಆಡಿ ಹೊರಬಂದರೂ ಸಾಕು, ಲಾಭ ಮಾಡಬಹುದು. ಪೂರ್ಣ ಪಂದ್ಯದ ನಿಯಮ ಈ ಬಾಗಿಲು ಮುಚ್ಚುತ್ತದೆ. ಆದರೆ ಇನ್ನೊಂದು ತೆರೆಯುತ್ತದೆ: ಅವನ ಮೇಲೇ ಹಣ ಕಟ್ಟಿದವರು, ಅವನು ಸೋಲುತ್ತಿರುವಾಗ ‘ಗಾಯ’ ಎಂದು ಹೊರಬಂದರೆ ಹಣ ವಾಪಸ್ ಪಡೆಯುತ್ತಾರೆ. ಪ್ರಾಮಾಣಿಕವಾಗಿ ಎದುರಾಳಿಯ ಮೇಲೆ ಕಟ್ಟಿದವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಒಂದು ಸೆಟ್ ನಿಯಮ ಇವೆರಡರ ನಡುವಿನ ರಾಜಿ. ನೋವು ಮುಚ್ಚಿಟ್ಟುಕೊಂಡು ಇಳಿದವರು ಒಂದು ಪಾಯಿಂಟ್ ಆಡಿ ಹೋದರೆ ಯಾರಿಗೂ ಲಾಭವಿಲ್ಲ. ನಿಜವಾಗಿ ನಡೆದ ಆಟಕ್ಕೂ ಸ್ವಲ್ಪ ಬೆಲೆ ಸಿಗುತ್ತದೆ. ಅದರ ದೋಷ ಗೆರೆ ಎಳೆದ ಜಾಗದಲ್ಲಿದೆ. 5–6ರಲ್ಲಿ ಆಟ ನಿಂತರೆ ಹಣ ವಾಪಸ್, ಐದು ನಿಮಿಷ ತಡೆದು 5–7 ಆದಮೇಲೆ ನಿಂತರೆ ಹಣ ಹೋಯಿತು.

ನಿಯಮ ದರದಲ್ಲೇ ಅಡಗಿರುತ್ತದೆ

ಇದು ಫಾರ್ವರ್ಡ್‌ಗಳಲ್ಲಿ ಬಾರದ ವಿಷಯ. ಒಂದು ಕಾಲ್ಪನಿಕ ಲೆಕ್ಕ ನೋಡಿ. ‘ಎ’ ಮತ್ತು ‘ಬಿ’ 100 ಸಲ ಆಡಿದರೆ ‘ಎ’ 57 ಸಲ, ‘ಬಿ’ 38 ಸಲ ಪೂರ್ಣ ಆಟದಲ್ಲಿ ಗೆಲ್ಲುತ್ತಾರೆ, 5 ಸಲ ‘ಎ’ ಅರ್ಧಕ್ಕೆ ಬಿಡುತ್ತಾನೆ ಎಂದಿಟ್ಟುಕೊಳ್ಳೋಣ.

ಒಂದು ಚೆಂಡಿನ ನಿಯಮದಲ್ಲಿ ‘ಎ’ ಗೆಲ್ಲುವುದು 100ಕ್ಕೆ 57 ಸಲ. ಕಂಪನಿಯ ಕಮಿಷನ್ ಬಿಟ್ಟು ಲೆಕ್ಕ ಹಾಕಿದರೆ, 100 ರೂಪಾಯಿ ಕಟ್ಟಿ ಗೆದ್ದವರಿಗೆ ಸುಮಾರು 175 ರೂಪಾಯಿ ಸಿಗಬೇಕು. ಪೂರ್ಣ ಪಂದ್ಯದ ನಿಯಮದಲ್ಲಿ ಆ 5 ಪಂದ್ಯ ಲೆಕ್ಕಕ್ಕೇ ಇಲ್ಲ, 95ಕ್ಕೆ 57 ಗೆಲುವು. ಆಗ ಸಿಗಬೇಕಾದದ್ದು ಸುಮಾರು 167 ರೂಪಾಯಿ. ‘ಗಾಯವಾದರೆ ಹಣ ವಾಪಸ್’ ಎಂಬ ಭರವಸೆಯ ಬೆಲೆಯೇ ಆ 8 ರೂಪಾಯಿ. ‘ಆ ಕಂಪನಿ ಕಡಿಮೆ ಕೊಡುತ್ತದೆ, ಈ ಕಂಪನಿ ಜಾಸ್ತಿ’ ಎಂದು ಹೋಲಿಸುವವರು ಎಷ್ಟೋ ಸಲ ಎರಡು ಬೇರೆ ಬೇರೆ ಸರಕುಗಳನ್ನು ಹೋಲಿಸುತ್ತಿರುತ್ತಾರೆ.

ಫಾರ್ವರ್ಡ್: ‘ಇಬ್ಬರ ಮೇಲೂ ಕಟ್ಟಿದರೆ ನಷ್ಟವೇ ಇಲ್ಲ’

ತಪ್ಪು. ಜೊಕೊವಿಚ್–ಜ್ವೆರೆವ್ ಸೆಮಿಫೈನಲ್ಲನ್ನೇ ತೆಗೆದುಕೊಳ್ಳಿ. ಒಬ್ಬರು ಒಂದು ಸೆಟ್ ನಿಯಮದ ಕಂಪನಿಯಲ್ಲಿ ಜೊಕೊವಿಚ್ ಮೇಲೆ 1,000 ರೂಪಾಯಿ, ಪೂರ್ಣ ಪಂದ್ಯದ ನಿಯಮದ ಕಂಪನಿಯಲ್ಲಿ ಜ್ವೆರೆವ್ ಮೇಲೆ 1,000 ರೂಪಾಯಿ ಕಟ್ಟಿದ್ದರೆ? ಮೊದಲ ಬೆಟ್ ಸೋತಿತು, ಎರಡನೆಯದು ರದ್ದಾಗಿ ಬರೀ ಅಸಲು ಬಂತು. ‘ನಷ್ಟವೇ ಇಲ್ಲ’ ಎಂದ ಕಡೆ 1,000 ರೂಪಾಯಿ ಹೋಯಿತು. ಎರಡು ಕಂಪನಿಗಳ ನಿಯಮ ಒಂದೇ ಅಲ್ಲದಿದ್ದರೆ ಇದು ಯಾವ ಪಂದ್ಯದಲ್ಲೂ ಆಗಬಹುದು.

ಫಾರ್ವರ್ಡ್: ‘ಅರ್ಧಕ್ಕೆ ಬಿಟ್ಟ ಅಂದರೆ ಮಾರಿಕೊಂಡ’

ಅನುಮಾನ ಯಾವಾಗ ಏಳಬೇಕು ಎಂಬುದಕ್ಕೆ 2007ರ ಆಗಸ್ಟ್ 2ರಂದು ಪೋಲೆಂಡ್‌ನ ಸೊಪೊಟ್‌ನಲ್ಲಿ ನಡೆದ ಪಂದ್ಯ ಪಾಠದಂತಿದೆ. ಆಗ ವಿಶ್ವದ ನಾಲ್ಕನೇ ಶ್ರೇಯಾಂಕದಲ್ಲಿದ್ದ ನಿಕೊಲಾಯ್ ಡೇವಿಡೆಂಕೊ, 87ನೇ ಶ್ರೇಯಾಂಕದ ಮಾರ್ಟಿನ್ ವಸಾಲೊ ಅರ್ಗ್ವೆಯೊ ವಿರುದ್ಧ ಮೊದಲ ಸೆಟ್ 6–2ರಿಂದ ಗೆದ್ದು, ಎರಡನೆಯದನ್ನು ಸೋತು, ಮೂರನೆಯದರಲ್ಲಿ ಪಾದದ ನೋವೆಂದು ಹಿಂದೆ ಸರಿದರು. ವಿಚಿತ್ರ ಕಂಡದ್ದು ಅಂಕಣದಲ್ಲಲ್ಲ, ಬೆಟ್ಟಿಂಗ್ ಮಾರುಕಟ್ಟೆಯಲ್ಲಿ. ಡೇವಿಡೆಂಕೊ ಮೊದಲ ಸೆಟ್ ಗೆದ್ದ ಮೇಲೂ ಹಣ ಎದುರಾಳಿಯ ಕಡೆಗೇ ಹರಿಯಿತು. ಬೆಟ್‌ಫೇರ್ ಎಂಬ ಒಂದೇ ತಾಣದಲ್ಲಿ ಸುಮಾರು 70 ಲಕ್ಷ ಡಾಲರ್ ವಹಿವಾಟಾಯಿತು, ಅಂಥ ಪಂದ್ಯಕ್ಕೆ ಅದು ವಿಪರೀತ ಮೊತ್ತ. ಅರ್ಗ್ವೆಯೊ ಗೆದ್ದರೆಂದು ದಾಖಲಾದರೂ ಬೆಟ್‌ಫೇರ್ ಎಲ್ಲ ಬೆಟ್ ರದ್ದು ಮಾಡಿತು.

ಒಂದು ವರ್ಷಕ್ಕೂ ಹೆಚ್ಚು ಕಾಲ ತನಿಖೆ ನಡೆಸಿದ ಪುರುಷರ ಟೆನಿಸ್ ಸಂಸ್ಥೆ ಎಟಿಪಿ, ನಿಯಮ ಉಲ್ಲಂಘನೆಗೆ ಪುರಾವೆಯಿಲ್ಲ ಎಂದು 2008ರ ಸೆಪ್ಟೆಂಬರ್‌ನಲ್ಲಿ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಅದೇ ವರ್ಷ ಭ್ರಷ್ಟಾಚಾರ ತಡೆಗೆ ಟೆನಿಸ್ ಇಂಟೆಗ್ರಿಟಿ ಯೂನಿಟ್ ಹುಟ್ಟಿತು. ಈಗ ಆ ಕೆಲಸ ಐಟಿಐಎ ಎಂಬ ಸಂಸ್ಥೆಯದು. ಟೆನಿಸ್ ಮೇಲೆ ಬೆಟ್ ಕಟ್ಟುವುದು, ಗಾಯದಂಥ ಒಳಮಾಹಿತಿಯನ್ನು ಬೆಟ್ಟಿಂಗ್‌ಗೆ ಒದಗಿಸುವುದು ಎರಡೂ ವೃತ್ತಿಪರ ಆಟಗಾರರಿಗೆ ನಿಷಿದ್ಧ.

ಗಾಯವಿದ್ದೂ ಅಂಕಣಕ್ಕಿಳಿಯಲು ಬುಕ್ಕಿಗಳಿಗೆ ಸಂಬಂಧವೇ ಇಲ್ಲದ ಕಾರಣವೂ ಇರಬಹುದು: ಬಹುಮಾನದ ಹಣ. 2017ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಸೋತವರಿಗೂ 35,000 ಪೌಂಡ್ ಇತ್ತು. ಆ ವರ್ಷ ಒಂದೇ ದಿನ ಸೆಂಟರ್ ಕೋರ್ಟ್‌ನಲ್ಲಿ ಜೊಕೊವಿಚ್ ಮತ್ತು ರೋಜರ್ ಫೆಡರರ್ ಇಬ್ಬರ ಎದುರಾಳಿಗಳೂ ಗಾಯದಿಂದ ಮುಕ್ಕಾಲು ಗಂಟೆಯೊಳಗೆ ಆಟ ಬಿಟ್ಟಾಗ ಈ ಚರ್ಚೆ ಜೋರಾಯಿತು. 2018ರಿಂದ ಗ್ರ್ಯಾನ್‌ಸ್ಲಾಂಗಳು ನಿಯಮ ಬದಲಿಸಿದವು. ಗಾಯಾಳು ಪಂದ್ಯಕ್ಕೆ ಮೊದಲೇ ಹಿಂದೆ ಸರಿದರೆ ಮೊದಲ ಸುತ್ತಿನ ಅರ್ಧ ಬಹುಮಾನ ಸಿಗುತ್ತದೆ. ಇಳಿದು ತಕ್ಕ ಮಟ್ಟದಲ್ಲಿ ಆಡದಿದ್ದರೆ ಮೊದಲ ಸುತ್ತಿನ ಬಹುಮಾನದಷ್ಟೂ ದಂಡ ಬೀಳಬಹುದು.

ಫಾರ್ವರ್ಡ್: ‘ಕಂಪನಿ ಹಣ ನುಂಗಿತು’

ಇದಕ್ಕೆ ಉತ್ತರ, ನಿಯಮ ಯಾವಾಗ ಬರೆದದ್ದು ಎಂಬುದರಲ್ಲಿದೆ. ಮೊದಲೇ ಬರೆದಿಟ್ಟ ನಿಯಮದಂತೆ ರದ್ದು ಮಾಡಿ ಅಸಲು ಕೊಟ್ಟರೆ ಅದು ವಂಚನೆಯಲ್ಲ. ಸಿನ್ನರ್ ಗೆದ್ದಾಗ ‘ಪೂರ್ಣ ಪಂದ್ಯ’ ಎಂದು, ಜ್ವೆರೆವ್ ಗೆದ್ದಾಗ ‘ಒಂದು ಸೆಟ್’ ಎಂದು, ತನಗೆ ಅನುಕೂಲವಾದುದನ್ನು ಆಮೇಲೆ ಆರಿಸಿಕೊಂಡರೆ ಅದು ಶುದ್ಧ ಮೋಸ.

ಬ್ರಿಟನ್‌ನಲ್ಲಿ 2007ರ ಸೆಪ್ಟೆಂಬರ್‌ನಿಂದ ಬೆಟ್ ಒಪ್ಪಂದವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಇಂಥ ತಕರಾರು ಬಗೆಹರಿಸಲು ಐಬಿಎಎಸ್ ಎಂಬ ಸ್ವತಂತ್ರ ಸಂಸ್ಥೆಯೂ ಇದೆ. ನಮ್ಮಲ್ಲಿ ಸ್ಥಿತಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಬಾಜಿಯಲ್ಲಿ ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಟೆಲಿಗ್ರಾಂ ಲಿಂಕ್ ಒತ್ತಿ ಯುಪಿಐನಲ್ಲಿ ಹಣ ಹಾಕಿಸಿಕೊಳ್ಳುವ ಆ್ಯಪ್ ‘ಪಂದ್ಯ ರದ್ದು’ ಎಂದು ಹೇಳಿ ಮಾಯವಾದರೆ, ‘ನಿಯಮ ತೋರಿಸಿ’ ಎಂದು ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಯಾವ ಸೆಟ್ ನಿಯಮ ನ್ಯಾಯ ಎಂಬ ಚರ್ಚೆ ಅಲ್ಲಿಗೆ ಅನ್ವಯಿಸುವುದೇ ಇಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶಗಳ ಪೆಟ್ಟು ಕೊನೆಗೆ ಬೀಳುವುದು ಗಾಯಗೊಂಡ ಆಟಗಾರನ ಮೇಲೆ. ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ಮತ್ತು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2025ರಲ್ಲಿ ಪ್ರಕಟಿಸಿದ ವರದಿಯಂತೆ, 2024ರಲ್ಲಿ 458 ಆಟಗಾರರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಸುಮಾರು 8,000 ನಿಂದನೆ, ಬೆದರಿಕೆಯ ಸಂದೇಶಗಳು ಬಂದಿದ್ದವು. ಅವುಗಳಲ್ಲಿ ಶೇ 40ರಷ್ಟು ಬೆಟ್‌ನಲ್ಲಿ ಹಣ ಕಳೆದುಕೊಂಡು ಸಿಟ್ಟಾದವರಿಂದ.

ಹಾಗಾಗಿ ಮುಂದಿನ ಸಲ ಇಂಥ ಸಂದೇಶ ಬಂದಾಗ ಇಷ್ಟು ನೋಡಿ:

• ಪಂದ್ಯ ನಿಂತದ್ದು ವಾಕೋವರ್‌ನಿಂದಲೋ, ಗಾಯದಿಂದಲೋ, ಡಿಫಾಲ್ಟ್‌ನಿಂದಲೋ?
• ‘ಫಿಕ್ಸ್’ ಎಂಬ ಆರೋಪಕ್ಕೆ ತನಿಖಾ ಸಂಸ್ಥೆಯ ಹೇಳಿಕೆ ಇದೆಯೋ, ಅಥವಾ ಆಟಗಾರ ಕುಂಟುವ ವಿಡಿಯೊ ತುಣುಕಷ್ಟೇ ಇದೆಯೋ?
• ‘ಖಚಿತ ಲಾಭ’ ಎನ್ನುವ ಸಂದೇಶದ ಕೆಳಗೆ ಯಾವುದಾದರೂ ಆ್ಯಪ್‌ನ ಲಿಂಕ್ ಇದೆಯೇ? ಇದ್ದರೆ ಅದು ಮಾಹಿತಿಯಲ್ಲ, ಜಾಹೀರಾತು.

ಇಂಥ ಆ್ಯಪ್‌ನಿಂದ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಟ್ಟಿಂಗ್ ಚಟ ಬಿಡಲಾಗದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ರಲ್ಲಿ ಉಚಿತವಾಗಿ ಮಾತನಾಡಬಹುದು. ಯಾವುದಾದರೂ ಒಂದನ್ನು ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ, ಈ ಎರಡು ಸಂಖ್ಯೆಗಳನ್ನು ಮಾಡಿ.