ಇನ್‌ಫ್ಲುಯೆಂಜಾ ಬೇನೆಯೂ ಎಂಟು ತುಂಡುಗಳ ರಹಸ್ಯವೂ

ಸುಳಕೂಡ, ಗಡಹಿಂಗ್ಲಜ, ಇಚಲಕರಂಜಿಗಳ ನಮ್ಮ ಗಡಿನಾಡಿನಲ್ಲಿ ಇತಿಹಾಸವೆಂದರೆ ಅರಸರ ಮತ್ತು ಕೋಟೆಗಳ ಕಥೆಯೆಂದೇ ಮಕ್ಕಳು ತಿಳಿಯುವುದುಂಟು. ಆದರೆ ಬೇನೆಗೂ ಒಂದು ಇತಿಹಾಸವಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 74,000. ಆ ಯುದ್ಧವು ಮುಗಿದ 1918ರಲ್ಲಿಯೇ ಬಂದ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು.

ಜೂನ್ ತಿಂಗಳಲ್ಲಿ ಮುಂಬಯಿ ಬಂದರದಲ್ಲಿ ತಲೆದೋರಿದ ಈ ಬೇನೆ ರೈಲುದಾರಿಗಳನ್ನು ಹಿಡಿದು ಒಳನಾಡಿಗೆ ಹಬ್ಬಿತು. ಶಾಹೂ ಮಹಾರಾಜರ ಕೊಲ್ಲಾಪುರ ಸಂಸ್ಥಾನವೂ 1891ರಿಂದಲೇ ಮಿರಜಿನ ಮೂಲಕ ಆ ರೈಲುಜಾಲಕ್ಕೆ ಸೇರಿತ್ತು. ಮಳೆಗಾಲದ ಕೊನೆಯಲ್ಲಿ ಬಂದ ಎರಡನೆಯ ಅಲೆಯೇ ಘೋರವಾದುದು. ಆ ವರ್ಷ ಮಳೆಯೂ ಕೈಕೊಟ್ಟಿದ್ದುದರಿಂದ ಹಸಿವೆಯೂ ಬೇನೆಯೂ ಜೊತೆಗೂಡಿದವು. ಬೇನೆಗೆ ಕಾರಣವಾದ ವೈರಾಣುವನ್ನು ಅಂದಿನ ವೈದ್ಯರು ಅರಿಯರು. ಮನುಷ್ಯರಲ್ಲಿ ಅದು ಪತ್ತೆಯಾದುದು 1933ರಲ್ಲಿ, ಲಂಡನ್ನಿನಲ್ಲಿ.

ಈ ವೈರಾಣುವಿನ ಅನುವಂಶಿಕ ದ್ರವ್ಯವು ಒಂದೇ ಎಳೆಯಾಗಿರದೆ ಆರ್.ಎನ್.ಎ.ಯ ಎಂಟು ತುಂಡುಗಳಾಗಿದೆ. ಹೊಸ ವೈರಾಣು ಹುಟ್ಟುವಾಗ ಎಂಟೂ ಅದರೊಳಗೆ ಸೇರಬೇಕು. ಪರೀಕ್ಷೆಗಾಗಿ ಎಂಟು ವಿಷಯಗಳ ಪ್ರಶ್ನಪತ್ರಿಕೆಗಳನ್ನು ಒಂದೊಂದರಂತೆ ಕಟ್ಟು ಕಟ್ಟುವ ಶಿಕ್ಷಕರನ್ನು ನೆನೆಯಿರಿ. ಗಣಿತ ಎರಡು ಬಂದು ಇತಿಹಾಸವು ಬಿಟ್ಟುಹೋದರೆ ಆ ಕಟ್ಟು ವ್ಯರ್ಥ. ಹಾಗಾದರೆ ಕಣ್ಣಿಲ್ಲದ ವೈರಾಣುವಿಗೆ ಈ ಎಣಿಕೆ ಹೇಗೆ ಸಾಧ್ಯ? ಪ್ರತಿಯೊಂದು ತುಂಡಿನ ಎರಡೂ ತುದಿಗಳ ಬಳಿ ಅದರದೇ ಆದ ಗುರುತುಗಳಿವೆ. ಇವುಗಳ ನೆರವಿನಿಂದ ತುಂಡುಗಳು ಒಂದನ್ನೊಂದು ಹಿಡಿದು ಒಟ್ಟುಗೂಡುತ್ತವೆ. ನಡುವೆ ಒಂದು, ಸುತ್ತಲೂ ಏಳು ತುಂಡುಗಳಿರುವ ಈ ವ್ಯವಸ್ಥೆಯನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು.

ಗಂಡಾಂತರದ ಮೂಲವೂ ಇಲ್ಲಿಯೇ ಇದೆ. ಎರಡು ಬಗೆಯ ವೈರಾಣುಗಳು ಒಂದೇ ಜೀವಕೋಶವನ್ನು ಹೊಕ್ಕರೆ ಕಟ್ಟುಗಳು ಬೆರೆತುಹೋಗುತ್ತವೆ. 1957ರ ಏಷ್ಯನ್ ಇನ್‌ಫ್ಲುಯೆಂಜಾದ ವೈರಾಣುವಿನಲ್ಲಿ ಮೂರು ತುಂಡುಗಳು ಹಕ್ಕಿಗಳ ವೈರಾಣುವಿನಿಂದ ಬಂದವು. ಹಂದಿಗಳ ವೈರಾಣುಗಳು ಬೆರೆತು ಹುಟ್ಟಿದ 2009ರ ಬೇನೆ ನಮ್ಮ ನೆರೆಯ ಪುಣೆಯಲ್ಲಿ ಆಗಸ್ಟ್ ತಿಂಗಳಲ್ಲಿ ಭಾರತದ ಮೊದಲ ಬಲಿಯನ್ನು ತೆಗೆದುಕೊಂಡಿತು. ಆದರೆ ಅದೇ ಅದಲುಬದಲಿನಿಂದ ಔಷಧವೂ ಹುಟ್ಟಿತು: ದುರ್ಬಲಗೊಳಿಸಿದ ವೈರಾಣುವಿನ ಆರು ತುಂಡುಗಳಿಗೆ ಹೊಸದರ ಎರಡನ್ನು ಕೂಡಿಸಿದ, ಮೂಗಿನಲ್ಲಿ ಹಾಕುವ ಲಸಿಕೆಯನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಹೊರತಂದಿತು.

ಅಷ್ಟರಲ್ಲಿ ವಿಜ್ಞಾನವು ಇನ್ನೊಂದು ಹೆಜ್ಜೆ ಮುಂದಿಟ್ಟಿತ್ತು. ಕೇವಲ ಡಿ.ಎನ್.ಎ. ಪ್ರತಿಗಳಿಂದ ಇಡಿಯ ವೈರಾಣುವನ್ನು ಕಟ್ಟುವ ವಿದ್ಯೆ 1999ರಲ್ಲಿ ಕೈಗೂಡಿತು. 2005ರಲ್ಲಿ ಅಮೇರಿಕದ ವಿಜ್ಞಾನಿಗಳು 1918ರ ವೈರಾಣುವನ್ನೇ ಮರಳಿ ನಿರ್ಮಿಸಿದರು. ಅದರ ಬರಹವನ್ನು ಅಲಾಸ್ಕದ ಹಿಮಗಟ್ಟಿದ ನೆಲದಲ್ಲಿ ಹೂತಿದ್ದ ದೇಹದಿಂದಲೂ ಕಾಪಿಟ್ಟಿದ್ದ ಶ್ವಾಸಕೋಶದ ಚೂರುಗಳಿಂದಲೂ ಓದಿದ್ದರು. ಕೋಟಿ ಜನರನ್ನು ಕೊಂದುದನ್ನು ಮತ್ತೆ ಎಬ್ಬಿಸುವುದು ಸರಿಯೇ? ಅದು ಕೊಂದ ಬಗೆಯನ್ನು ಅರಿಯದೆ ಮುಂದಿನದನ್ನು ತಡೆಯಲಾಗದೆಂದು ಕೆಲವರು. ಒಂದು ಸಣ್ಣ ಅಜಾಗರೂಕತೆಯೂ ಸಾಕೆಂದು ಕೆಲವರು. ಹಕ್ಕಿಜ್ವರದ ವೈರಾಣುವನ್ನು ಮಾರ್ಪಡಿಸುವ ಪ್ರಯೋಗಗಳ ಬಗ್ಗೆ ಇಂಥದೇ ವಾದವೆದ್ದಾಗ, 2012ರಲ್ಲಿ ವಿಜ್ಞಾನಿಗಳು ತಾವಾಗಿಯೇ ಒಂದು ವರ್ಷ ಆ ಕೆಲಸವನ್ನು ನಿಲ್ಲಿಸಿದ್ದರು.

ಒಲೆಯ ಬೆಂಕಿ ಅನ್ನವನ್ನೂ ಬೇಯಿಸುತ್ತದೆ, ಮನೆಯನ್ನೂ ಸುಡುತ್ತದೆ. ಹಾಗೆಂದು ಒಲೆಯನ್ನು ಆರಿಸಿ ಕುಳಿತವರಿಲ್ಲ. ಕಾಯುವವರು ಬೇಕು, ಅಷ್ಟೆ. 1918ರಲ್ಲಿ ನಮ್ಮ ಹಿರಿಯರು ಏತರಿಂದ ಸಾಯುತ್ತಿದ್ದೇವೆಂದು ತಿಳಿಯದೆಯೇ ಸತ್ತರು. ಇಂದಿನ ವಿದ್ಯಾರ್ಥಿಗೆ ಆ ಅಜ್ಞಾನವಿಲ್ಲ. ತಿಳಿದವನ ಹೊಣೆ ಮಾತ್ರ ಅವನ ಮೇಲಿದೆ.