ಉಕ್ಕೆಲ್ ಎಂಬ ಊರೂ, ಆಕಾಶಕ್ಕೆ ಹಾಕಿದ ಬೇಲಿಯೂ

ಬ್ರಸೆಲ್ಸಿನಲ್ಲಿ ಇವತ್ತು ಇಷ್ಟು ಡಿಗ್ರಿ ಬಿಸಿಲು, ಇಷ್ಟು ಮಿಲಿಮೀಟರ್ ಮಳೆ ಅಂತ ಸುದ್ದಿಯಲ್ಲಿ ಬರುತ್ತದಲ್ಲ, ಆ ಲೆಕ್ಕ ಬ್ರಸೆಲ್ಸ್ ಪೇಟೆಯದ್ದಲ್ಲ. ಪೇಟೆಯಿಂದ ದಕ್ಷಿಣಕ್ಕೆ, ಕಾಡಿನ ಅಂಚಿನಲ್ಲಿರುವ ಒಂದು ಬಡಾವಣೆಯದ್ದು. ಬೆಲ್ಜಿಯಂ ದೇಶದ ಹವಾಮಾನದ ಅಧಿಕೃತ ಲೆಕ್ಕ ಇಡುವುದು ಅಲ್ಲಿ. 2019ರ ಜುಲೈ 25ರಂದು ಯುರೋಪೆಲ್ಲ ಬೆಂದು ಹೋದಾಗ 39.7 ಡಿಗ್ರಿ ಅಂತ ಬರೆದುಕೊಂಡದ್ದೂ ಅಲ್ಲೇ.

ಆ ಊರಿಗೆ ಎರಡು ಹೆಸರು. ಡಚ್ ಮಾತಾಡುವವರಿಗೆ ಉಕ್ಕೆಲ್, ಫ್ರೆಂಚರಿಗೆ ಉಕ್ಲ್. ಬ್ರಸೆಲ್ಸ್ ರಾಜಧಾನಿ ಪ್ರದೇಶದ 19 ಪುರಸಭೆಗಳಲ್ಲಿ ಇದೂ ಒಂದು. ಸುಮಾರು 23 ಚದರ ಕಿಲೋಮೀಟರ್ ಜಾಗ, 85 ಸಾವಿರದ ಆಸುಪಾಸು ಜನ. ದೊಡ್ಡ ದೊಡ್ಡ ಬಂಗಲೆಗಳು, ಮರಗಳ ಸಾಲು, ರಾಯಭಾರಿಗಳ ಮನೆಗಳು. ಪ್ರವಾಸಿಗಳು ಈ ಕಡೆ ಬರುವುದು ಕಡಿಮೆ. ನನಗೆ ಮಾತ್ರ ಈ ಊರಿನ ಬಗ್ಗೆ ಓದಿದಷ್ಟೂ ಸಾಲದು ಅನ್ನಿಸುತ್ತದೆ. ಏಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ಮೊದಲು ಊರಿನ ಕತೆ. ಇಲ್ಲಿನ ಸಂತ ಪೀಟರನ ಇಗರ್ಜಿಯನ್ನು ಕ್ರಿ.ಶ. 803ರಲ್ಲಿ ಪೋಪ್ ಮೂರನೆಯ ಲಿಯೋ ಪ್ರತಿಷ್ಠೆ ಮಾಡಿದ, ಜತೆಗೆ ಶಾರ್ಲ್‌ಮೇನ್ ಚಕ್ರವರ್ತಿಯೂ ಇದ್ದ ಅಂತ ಒಂದು ಐತಿಹ್ಯವಿದೆ. ಐತಿಹ್ಯವೇ ಸರಿ, ದಾಖಲೆ ಕೇಳಬೇಡಿ. ನಮ್ಮ ಕಡೆ ಯಾವ ಊರಿಗೆ ಹೋದರೂ ಪಾಂಡವರು ಒಂದು ರಾತ್ರಿ ತಂಗಿದ್ದರು ಅನ್ನುತ್ತಾರಲ್ಲ, ಹಾಗೆ. ದಾಖಲೆ ಇರುವ ಸಂಗತಿಯೆಂದರೆ ಬ್ರಬಾಂಟ್ ಡ್ಯೂಕರ ಕಾಲದಲ್ಲಿ ಇಲ್ಲೊಂದು ನ್ಯಾಯಸ್ಥಾನ ಇತ್ತು, ಸುತ್ತಲಿನ ಹಳ್ಳಿಗಳು ವ್ಯಾಜ್ಯ ಹೊತ್ತುಕೊಂಡು ಇಲ್ಲಿಗೆ ಬರುತ್ತಿದ್ದವು. ಫ್ರೆಂಚ್ ಕ್ರಾಂತಿಯ ನಂತರ ಉಕ್ಕೆಲ್, ಸ್ಟಾಲೆ, ಕಾರ್ಲೋ ಮುಂತಾದ ಬಿಡಿ ಹಳ್ಳಿಗಳನ್ನು ಸೇರಿಸಿ ಒಂದೇ ಪುರಸಭೆ ಮಾಡಿದರು.

ಆಗಿನ ಜನ ರೈತರು, ಗಿರಣಿಯವರು, ಕಾಡಿನ ಕೆಲಸದವರು. ಅವರ ಮಾತು ಡಚ್ಚಿನ ಬ್ರಬಾಂಟ್ ಕಡೆಯ ಹಳ್ಳಿ ನುಡಿ. ಊರಿನ ಹೆಸರುಗಳನ್ನು ನೋಡಿದರೇ ಗೊತ್ತಾಗುತ್ತದೆ. "ಬೀಕ್" ಅಂದರೆ ಹಳ್ಳ. ಉಕ್ಕೆಲ್‌ಬೀಕ್, ಹೆಲೇಯ್ಟ್ಸ್‌ಬೀಕ್ ಎಲ್ಲವೂ ಇಲ್ಲಿ ಹರಿಯುವ ಹಳ್ಳಗಳು. ವೋಲ್ವೆಂಡಾಲ್ ಅಂದರೆ ತೋಳಗಳ ಕಣಿವೆ. ಈಗ ಅದು ಮಕ್ಕಳು ಆಡುವ ಉದ್ಯಾನ.

ಇಂಥ ಹಳ್ಳಿಗೆ ದುಡ್ಡು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಬ್ರಸೆಲ್ಸ್ ಪೇಟೆಯಲ್ಲಿ ಹೊಗೆ, ಇಕ್ಕಟ್ಟು. ಇಲ್ಲಿ ದಿಬ್ಬಗಳು, ಒಳ್ಳೇ ಗಾಳಿ, ಪಕ್ಕದಲ್ಲೇ ಸೋನಿಯನ್ ಕಾಡು. ಜಾರ್ಜ್ ಬ್ರುಗ್ಮನ್ ಎಂಬ ಬ್ಯಾಂಕರ್ ಪೇಟೆಯಿಂದ ಇತ್ತ ಕಡೆಗೆ ನಗರ ಬೆಳೆಯುವುದಕ್ಕೆ ಬಹಳ ಕೈಯಿಟ್ಟ. ಅವನ ಹೆಸರಿನ ಉದ್ದನೆಯ ರಸ್ತೆ ಈಗಲೂ ಇದೆ. 1895ರಲ್ಲಿ ಚಿತ್ರಕಾರ ಹೆನ್ರಿ ವಾನ್ ಡೆ ವೆಲ್ಡೆ ಇಲ್ಲಿ ತನ್ನ ಸಂಸಾರಕ್ಕೆಂದು ಒಂದು ಮನೆ ಕಟ್ಟಿಸಿದ. ವಾಸ್ತುಶಿಲ್ಪ ಓದದವನು ತಾನೇ ನಕ್ಷೆ ಬರೆದ, ಕುರ್ಚಿ ಮೇಜುಗಳನ್ನೂ ತಾನೇ ರೂಪಿಸಿದ. ಮನೆಯ ಹೆಸರು ಬ್ಲೂಮೆನ್‌ವೆರ್ಫ್, ಹೂವಿನ ಅಂಗಳ. ಮುಂದೆ ಜರ್ಮನಿಗೆ ಹೋಗಿ ಅವನು ವೈಮಾರ್‌ನಲ್ಲಿ ತೆರೆದ ಶಾಲೆಯೇ ಬೌಹೌಸ್‌ಗೆ ದಾರಿಯಾಯಿತು. ಅದೆಲ್ಲದರ ಮೊದಲ ಹೆಜ್ಜೆ ಈ ಹಳ್ಳಿಯಲ್ಲಿ.

ದುಡ್ಡಿನ ಹಿಂದೆಯೇ ಫ್ರೆಂಚೂ ಬಂತು. ಬೆಲ್ಜಿಯಂನಲ್ಲಿ ಆಗ ಕೋರ್ಟು, ಬ್ಯಾಂಕು, ಸರ್ಕಾರ, ಕಾಲೇಜು ಎಲ್ಲ ಫ್ರೆಂಚಿನಲ್ಲಿ. ಬಂಗಲೆಯವರು ಫ್ರೆಂಚಿನಲ್ಲಿ ಮಾತಾಡಿದರು. ತೋಟದವನು, ಹಾಲಿನವಳು, ಅಂಗಡಿಯವನು ಅವರ ಜತೆ ವ್ಯವಹಾರಕ್ಕೆಂದು ಫ್ರೆಂಚ್ ಕಲಿತರು. ಮಕ್ಕಳು ಮುಂದೆ ಬರಲಿ ಅಂತ ಫ್ರೆಂಚ್ ಶಾಲೆಗೆ ಕಳಿಸಿದರು. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಯಾರೂ ಯಾರನ್ನೂ ಹೊಡೆದು ಓಡಿಸಲಿಲ್ಲ. ಎರಡು ಮೂರು ತಲೆಮಾರಿನಲ್ಲಿ ಒಂದು ಊರಿನ ಮಾತು ಬದಲಾಯಿತು, ಅಷ್ಟೇ. ಇದನ್ನು ಓದುವಾಗ ನನಗೆ ಏನೇನು ನೆನಪಾಯಿತೋ ನಿಮಗೂ ಅದೇ ನೆನಪಾಗಿರುತ್ತದೆ, ಬಿಡಿ.

ಇರಲಿ, ಈಗ ಆಕಾಶದ ವಿಷಯಕ್ಕೆ ಬರೋಣ.

ಬೆಲ್ಜಿಯಂನ ರಾಜಮನೆತನದ ಹೆಸರಿನ ವೀಕ್ಷಣಾಲಯ ಮೊದಲು ಇದ್ದದ್ದು ಪೇಟೆಯ ಪಕ್ಕದಲ್ಲೇ. ಸಂಖ್ಯಾಶಾಸ್ತ್ರಕ್ಕೆ ಹೆಸರಾದ ಅಡೋಲ್ಫ್ ಕೆಟ್ಲೆ ಅದರ ಸ್ಥಾಪಕ. ಊರು ಬೆಳೆದು ದೀಪ, ಹೊಗೆ, ಗಾಡಿಗಳ ಅದುರು ಜಾಸ್ತಿಯಾದ ಮೇಲೆ 1876ರಲ್ಲಿ ಮುಖ್ಯಸ್ಥನಾದ ಜಾನ್ ಶಾರ್ಲ್ ಹೂಜೋ ಬೇರೆ ಜಾಗ ಹುಡುಕಿದ. (ಈ ಹೂಜೋ ಅಮೆರಿಕಕ್ಕೆ ಹೋಗಿ, ಅಂತರ್ಯುದ್ಧದ ಕಾಲದಲ್ಲಿ ನ್ಯೂ ಆರ್ಲಿಯನ್ಸಿನ ಕಪ್ಪು ಜನರ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವನು. ಅದು ಇನ್ನೊಂದು ಬರಹಕ್ಕಾಗುವಷ್ಟಿದೆ.) ಉಕ್ಕೆಲ್ ದಿಬ್ಬದ ಮೇಲೆ ದುಂಡಗಿನ ನಿವೇಶನ ಸಿಕ್ಕಿತು. 1890ರ ಹೊತ್ತಿಗೆ ವೀಕ್ಷಣಾಲಯ ಇಲ್ಲಿಗೆ ಬಂತು.

ಆಮೇಲೆ ಇಲ್ಲಿ ನಡೆದದ್ದು ಲೆಕ್ಕ ಬರೆಯುವ ಕೆಲಸ. 1898ರ ಮೇ ತಿಂಗಳಿಂದ ಪ್ರತಿ ಹತ್ತು ನಿಮಿಷಕ್ಕೆ ಎಷ್ಟು ಮಳೆ ಬಿತ್ತು ಅನ್ನುವ ಲೆಕ್ಕ ಇದೆ. ನೂರು ವರ್ಷಕ್ಕೂ ಮಿಕ್ಕಿ, ಒಂದೇ ತರದ ಮಾಪಕದಲ್ಲಿ! ಚರಂಡಿ, ಪ್ರವಾಹದ ಲೆಕ್ಕ ಹಾಕುವ ಎಂಜಿನಿಯರುಗಳಿಗೆ ಇದು ಚಿನ್ನ. 1969ರಿಂದ ಬಲೂನು ಹಾರಿಸಿ ಓಜೋನ್ ಅಳೆಯುತ್ತಿದ್ದಾರೆ. ಸೂರ್ಯನ ಕಲೆಗಳ ಅಂತಾರಾಷ್ಟ್ರೀಯ ಎಣಿಕೆ ಮೊದಲು ಜ್ಯೂರಿಕ್‌ನಲ್ಲಿತ್ತು, 1981ರಿಂದ ಅದೂ ಉಕ್ಕೆಲ್‌ಗೆ ಬಂತು.

ಇಲ್ಲಿ 1903ರಿಂದ ಕೆಲಸ ಮಾಡುತ್ತಿದ್ದವನು ಯೂಜೀನ್ ಡೆಲ್‌ಪೋರ್ಟ್. ಅರವತ್ತಕ್ಕೂ ಹೆಚ್ಚು ಕ್ಷುದ್ರಗ್ರಹ ಕಂಡುಹಿಡಿದವನು, ಅದರಲ್ಲೊಂದಕ್ಕೆ ಊರಿನದೇ ಹೆಸರು, ಉಕ್ಲಿಯಾ. ಆದರೆ ಅವನ ದೊಡ್ಡ ಕೆಲಸ ಬೇರೆ. ಆಗ ನಕ್ಷತ್ರಪುಂಜಗಳಿಗೆ ಒಪ್ಪಿದ ಗಡಿಯೇ ಇರಲಿಲ್ಲ. ಒಬ್ಬನ ಭೂಪಟದಲ್ಲಿ ಗರುಡದ ರೆಕ್ಕೆಯಲ್ಲಿದ್ದ ಚುಕ್ಕೆ ಇನ್ನೊಬ್ಬನ ಪಟದಲ್ಲಿ ಪಕ್ಕದ ಪುಂಜದಲ್ಲಿ! ಅಂತಾರಾಷ್ಟ್ರೀಯ ಖಗೋಳ ಸಂಘ ಈ ಜಗಳ ಮುಗಿಸುವ ಕೆಲಸವನ್ನು ಡೆಲ್‌ಪೋರ್ಟ್‌ಗೆ ವಹಿಸಿತು. ಅವನು ಇಡೀ ಆಕಾಶವನ್ನು 88 ಪುಂಜಗಳಾಗಿ ಪಾಲು ಮಾಡಿ, ನೇರ ಗೆರೆಗಳಲ್ಲಿ ಗಡಿ ಎಳೆದ. 1930ರಲ್ಲಿ ಅದು ಪುಸ್ತಕವಾಗಿ ಬಂತು. ಇಂದಿಗೂ ಜಗತ್ತಿಗೆಲ್ಲ ಅದೇ ಗಡಿ. ಸೂರ್ಯ ಹಾದುಹೋಗುವ ದಾರಿಯಲ್ಲಿ ಹನ್ನೆರಡಲ್ಲ, ಹದಿಮೂರು ಪುಂಜ ಅಂತ ಆಗಾಗ ಸುದ್ದಿ ಬರುತ್ತದಲ್ಲ, ಅದು ಈ ಗೆರೆಗಳ ಲೆಕ್ಕ.

ಇದರಲ್ಲೊಂದು ಸ್ವಾರಸ್ಯವಿದೆ. ಡೆಲ್‌ಪೋರ್ಟ್ ಗೆರೆ ಎಳೆದದ್ದು 1875ರ ಆಕಾಶದ ಅಳತೆಗೆ, ಏಕೆಂದರೆ ದಕ್ಷಿಣದ ಪುಂಜಗಳಿಗೆ ಬೆಂಜಮಿನ್ ಗೋಲ್ಡ್ ಮೊದಲೇ ಆ ಅಳತೆಯಲ್ಲಿ ಗಡಿ ಹಾಕಿದ್ದ. ಆದರೆ ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತದೆ. ಪಂಚಾಂಗ ನೋಡುವವರಿಗೆ ಇದು ಹೊಸದಲ್ಲ, ಅಯನಾಂಶ ಅಂತ ಕಳೆಯುತ್ತೇವಲ್ಲ, ಅದೇ. 72 ವರ್ಷಕ್ಕೆ ಒಂದು ಡಿಗ್ರಿ. ಹಾಗಾಗಿ ಆಗ ನೆಟ್ಟಗಿದ್ದ ಗೆರೆಗಳು ಇವತ್ತಿನ ನಕ್ಷೆಯಲ್ಲಿ ಓರೆ. ಚುಕ್ಕೆಗಳೂ ಸುಮ್ಮನಿರುವುದಿಲ್ಲ. ಗರುಡ ಪುಂಜದ "ರೋ" ಎಂಬ ಚುಕ್ಕೆ 1992ರಲ್ಲಿ ಗಡಿ ದಾಟಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶ್ರವಣವಿರುವ ಪುಂಜದಿಂದ ಧನಿಷ್ಠೆಯಿರುವ ಪುಂಜಕ್ಕೆ. ಗಡಿ ಬದಲಾಗಲಿಲ್ಲ. ಚುಕ್ಕೆಯ ಹೆಸರೂ ಬದಲಾಗಲಿಲ್ಲ, ಈಗಲೂ ಅದು ಗರುಡದ ರೋ.

ಈಗ ನೆಲಕ್ಕೆ ಇಳಿಯಿರಿ. 1932ರ ಕಾನೂನಿನ ಪ್ರಕಾರ ಬೆಲ್ಜಿಯಂನಲ್ಲಿ ಒಂದು ಊರಿನ ಆಡಳಿತ ಭಾಷೆ ಜನಗಣತಿ ನೋಡಿ ತೀರ್ಮಾನವಾಗುತ್ತಿತ್ತು. ಗಣತಿಯಲ್ಲಿ ಫ್ರೆಂಚಿನವರು ಸಾಕಷ್ಟು ಹೆಚ್ಚಿದರೆ ಊರು ಕೈತಪ್ಪಿತು ಅಂತಲೇ ಲೆಕ್ಕ. ಡಚ್ ನುಡಿಯ ಫ್ಲೆಮಿಶರು ಬ್ರಸೆಲ್ಸನ್ನು "ಎಣ್ಣೆ ಕಲೆ" ಅಂತ ಕರೆದರು, ಬಟ್ಟೆಯ ಮೇಲೆ ಬಿದ್ದು ಹರಡುತ್ತಲೇ ಹೋಗುವ ಕಲೆ. 1947ರ ಗಣತಿ 1954ರಲ್ಲಿ ಪ್ರಕಟವಾದಾಗ ಇನ್ನೂ ಮೂರು ಊರುಗಳು ಬ್ರಸೆಲ್ಸ್ ಸೇರಿದವು. ಫ್ಲೆಮಿಶ್ ಮೇಯರುಗಳು ಇನ್ನು ಭಾಷೆಯ ಪ್ರಶ್ನೆ ಕೇಳುವುದಿಲ್ಲ ಅಂತ ಪಟ್ಟು ಹಿಡಿದರು. 1961ರಲ್ಲಿ ಗಣತಿಯಿಂದ ಆ ಪ್ರಶ್ನೆಯನ್ನೇ ತೆಗೆದರು. 1962-63ರ ಕಾನೂನುಗಳಲ್ಲಿ ಗೆರೆ ಎಳೆದರು. ಗೆರೆ ಇನ್ನು ಅಲ್ಲಾಡುವುದಿಲ್ಲ.

ಆ ಗೆರೆ ಹೋದದ್ದು ಉಕ್ಕೆಲ್‌ನ ದಕ್ಷಿಣದ ಅಂಚಿನಲ್ಲಿ! ಈಚೆ ಉಕ್ಕೆಲ್, ಎರಡೂ ಭಾಷೆ. ಆಚೆ ದ್ರೋಗೆನ್‌ಬೋಸ್, ಲಿಂಕೆಬೀಕ್, ಸಿಂಟ್ ಹೆನೇಸಿಯಸ್ ರೋಡೆ. ಅವು ಡಚ್ಚಿನ ಫ್ಲಾಂಡರ್ಸ್, ಫ್ರೆಂಚಿನವರಿಗೆ ಒಂದಿಷ್ಟು ವಿಶೇಷ ಸವಲತ್ತು. ಆದರೆ ಜನ ಗೆರೆ ನೋಡಿ ಮನೆ ಕೊಳ್ಳುತ್ತಾರೆಯೇ? ಉಕ್ಕೆಲ್‌ನಿಂದ ಫ್ರೆಂಚ್ ಮಾತಾಡುವವರು ಗೆರೆ ದಾಟಿ ಹೋದರು, ಅಲ್ಲೂ ಅವರೇ ಹೆಚ್ಚಾದರು. 2006ರ ಸ್ಥಳೀಯ ಚುನಾವಣೆಗೆ ಕರೆಪತ್ರವನ್ನು ಫ್ರೆಂಚಿನಲ್ಲಿ ಕಳಿಸಿದರು ಅಂತ ಲಿಂಕೆಬೀಕ್ ಸೇರಿದಂತೆ ಮೂರು ಊರುಗಳ ಮೇಯರುಗಳ ನೇಮಕಕ್ಕೆ ಫ್ಲೆಮಿಶ್ ಸರ್ಕಾರ ಒಪ್ಪಲಿಲ್ಲ.

ಗೆರೆ ಹಾಕಿದವರನ್ನು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಗೆರೆ ಪ್ರತಿ ಹತ್ತು ವರ್ಷಕ್ಕೊಮ್ಮೆ ಜರುಗುತ್ತಿದ್ದರೆ ಹಳ್ಳಿಯವನಿಗೆ ತನ್ನ ಮಾತಿನಲ್ಲಿ ಶಾಲೆ ಇರುತ್ತದೆಂಬ ನೆಮ್ಮದಿ ಎಲ್ಲಿಂದ ಬರಬೇಕು? ಗಟ್ಟಿಯಾಗಿ ನಿಂತರೆ ಮಾತ್ರ ಅದು ಗಡಿ. ಆದರೆ ಗೆರೆ ಬಂದದ್ದು ಉಕ್ಕೆಲ್‌ನ ಹಳ್ಳಿ ಮಾತಿಗೆ ತಡವಾಗಿ. ಅಷ್ಟು ಹೊತ್ತಿಗೆ ಅಜ್ಜಿಯರು ಹೋಗಿಯಾಗಿತ್ತು.

ಉಳಿದದ್ದು ಹೆಸರುಗಳು. ಉಕ್ಕೆಲ್‌ನಲ್ಲಿ ಡೀವೆಗ್ ಅಂತ ಒಂದು ರಸ್ತೆಯಿದೆ. ಡಚ್ ಪದ, ಫ್ರೆಂಚಿನವರೂ ಹಾಗೇ ಅನ್ನುತ್ತಾರೆ. ಅಲ್ಲೊಂದು ಸ್ಮಶಾನ. 1866ರ ಕಾಲರಾ ಸಮಯದಲ್ಲಿ ತೆರೆದದ್ದು, 1958ರಲ್ಲಿ ಮುಚ್ಚಿತು. ಈಗ ಕಾಡು ಬೆಳೆದಿದೆ. ಟಿನ್‌ಟಿನ್ ಕತೆಗಳ ಎರ್ಜೆ 1983ರಲ್ಲಿ ತೀರಿಕೊಂಡಾಗ ವಿಶೇಷ ಅನುಮತಿ ಕೊಟ್ಟು ಅವನನ್ನು ಅಲ್ಲಿ ಮಣ್ಣು ಮಾಡಿದರು. ಅವನ ಹೆಸರಿನ ಒಂದು ಕ್ಷುದ್ರಗ್ರಹವೂ ಇದೆ, 1953ರಲ್ಲಿ ಸಿಲ್ವೇನ್ ಅರೆಂಡ್ ಇದೇ ದಿಬ್ಬದಿಂದ ಕಂಡುಹಿಡಿದದ್ದು. ಅದಕ್ಕೆ ಯಾವ ಗೆರೆಯೂ ಇಲ್ಲ, ಹನ್ನೆರಡೂ ರಾಶಿ ಸುತ್ತುತ್ತದೆ.

ನಿಮ್ಮ ಊರಿನಲ್ಲಿ ಹೀಗೆ ಮಾತು ಹೋಗಿ ಹೆಸರಷ್ಟೇ ಉಳಿದ ಹಳ್ಳ, ಕಣಿವೆ, ಓಣಿ ಇದ್ದರೆ ಬರೆಯಿರಿ. ಹೆಸರೂ ಹೋಗುವ ಮೊದಲು ಎಲ್ಲಾದರೂ ಒಂದು ಕಡೆ ದಾಖಲಾಗಲಿ.