ಪೈನ್ ಕಾಡಿನ ದಂಡು

ಬರ್ಲಿನ್‌ನಿಂದ ದಕ್ಷಿಣಕ್ಕೆ 40 ಕಿಲೋಮೀಟರ್ ಹೋದರೆ ವ್ಯೂನ್ಸ್‌ಡಾರ್ಫ್ ಸಿಗುತ್ತದೆ. ಈಗ ಅದು ತ್ಸೋಸೆನ್ ಪಟ್ಟಣಕ್ಕೆ ಸೇರಿದ ಊರು. ಸುತ್ತ ಮರಳು ನೆಲ, ಪೈನ್ ಕಾಡು, ನಡುವೆ ಒಂದೆರಡು ಕೆರೆ. ಬೇಸಾಯಕ್ಕೆ ಅಷ್ಟಾಗಿ ಒಗ್ಗದ ಈ ನೆಲ ಸೇನೆಗೆ ಹೇಳಿ ಮಾಡಿಸಿದಂತಿತ್ತು: ರಾಜಧಾನಿಗೆ ಹತ್ತಿರ, ಗುಂಡು ಹಾರಿಸಿದರೆ ಕೇಳುವವರು ಕಡಿಮೆ. 1875ರಲ್ಲಿ ಬರ್ಲಿನ್–ಡ್ರೆಸ್ಡನ್ ರೈಲು ದಾರಿ ಈ ಕಡೆ ಹಾದುಹೋಯಿತು. ಅದರ ಪಕ್ಕದಲ್ಲೇ ಪ್ರಷ್ಯದ ಸೇನೆ ತನ್ನದೇ ರೈಲು ದಾರಿಯನ್ನೂ ಹಾಕಿಕೊಂಡಿತು.  

ಮೊದಲ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಇಲ್ಲಿ ಕಾಲ್ದಳದ ಗುಂಡು ತರಬೇತಿ ಶಾಲೆ ಬಂತು, ಬ್ಯಾರಕ್‌ಗಳು ಎದ್ದವು, ಸೇನೆಯ ವ್ಯಾಯಾಮ ಶಾಲೆಗೆ ಭರ್ಜರಿ ಕಟ್ಟಡವಾಯಿತು. ಈ ಊರಿನ ಬಗ್ಗೆ ಬರೆಯುವವರು ಇಲ್ಲಿಂದ ಒಂದೇ ಜಿಗಿತಕ್ಕೆ ಹಿಟ್ಲರನ ಬಂಕರುಗಳಿಗೆ ಹಾರಿಬಿಡುತ್ತಾರೆ. ಭಾರತದ ಓದುಗರಿಗೆ ಮೊದಲ ಮಹಾಯುದ್ಧದ ನಾಲ್ಕು ವರ್ಷಗಳೇ ಮುಖ್ಯ ಎಂದು ನನ್ನ ಎಣಿಕೆ.

1914ರ ಕೊನೆಯಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಬ್ರಿಟಿಷರ ಪರವಾಗಿ ಕಾದಾಡಿದ ಭಾರತೀಯ ಸಿಪಾಯಿಗಳಲ್ಲಿ ಕೆಲವರು ಜರ್ಮನರ ಕೈಗೆ ಸಿಕ್ಕಿಬಿದ್ದರು. ಅವರನ್ನೂ ಫ್ರೆಂಚ್ ಸೇನೆಯಲ್ಲಿದ್ದ ಉತ್ತರ ಆಫ್ರಿಕದ ಮುಸ್ಲಿಮರನ್ನೂ ವ್ಯೂನ್ಸ್‌ಡಾರ್ಫ್‌ಗೆ ತಂದಿಟ್ಟ ಸೆರೆಶಿಬಿರದ ಹೆಸರು ‘ಅರ್ಧಚಂದ್ರ ಶಿಬಿರ’. ನಾಲ್ಕೈದು ಸಾವಿರ ಜನರಿದ್ದರು. ಜರ್ಮನರ ಆಲೋಚನೆ ಸರಳವಾಗಿತ್ತು: ತಮ್ಮ ಮಿತ್ರ ತುರ್ಕಿಯ ಸುಲ್ತಾನ ಧರ್ಮಯುದ್ಧ ಸಾರಿದ್ದಾನೆ, ಈ ಕೈದಿಗಳನ್ನು ಚೆನ್ನಾಗಿ ನೋಡಿಕೊಂಡರೆ ಬ್ರಿಟಿಷರ, ಫ್ರೆಂಚರ ಮೇಲೆಯೇ ತಿರುಗಿ ಬಿದ್ದಾರು. ಈ ಯೋಜನೆಯ ಹಿಂದಿದ್ದವನು ಮ್ಯಾಕ್ಸ್ ಫಾನ್ ಓಪನ್‌ಹೈಮ್ ಎಂಬ ರಾಜತಾಂತ್ರಿಕ. 1915ರ ಜುಲೈನಲ್ಲಿ ಶಿಬಿರದೊಳಗೆ ಮರದ ಮಸೀದಿಯೊಂದು ಎದ್ದಿತು, ಗುಮ್ಮಟ, ಮಿನಾರು ಎಲ್ಲ ಸಹಿತ. ಜರ್ಮನಿಯಲ್ಲಿ ನಮಾಜಿಗೆಂದೇ ಕಟ್ಟಿದ ಮೊದಲ ಮಸೀದಿ ಅದು. ಹಿಂದೂ, ಸಿಖ್, ಗೂರ್ಖಾ ಕೈದಿಗಳಿಗೂ ಪ್ರತ್ಯೇಕ ಜಾಗವಿತ್ತು. ಬರ್ಲಿನ್ನಿನಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳು ಶಿಬಿರಕ್ಕೆ ಬಂದು ಪ್ರಚಾರ ಮಾಡುತ್ತಿದ್ದರು. ಅವರ ಸಮಿತಿಯ ಮುಂದಾಳುಗಳಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಇಷ್ಟೆಲ್ಲ ಮಾಡಿ ಗಿಟ್ಟಿದ್ದು ಅಲ್ಪ. ಬಹುಪಾಲು ಸಿಪಾಯಿಗಳಿಗೆ ಬೇಕಿದ್ದದ್ದು ಊರಿಗೆ ಹೋಗುವ ದಾರಿ.

ಅದೇ ಹೊತ್ತಿಗೆ ವಿದ್ವಾಂಸರೂ ಬಂದರು. ಇಷ್ಟೊಂದು ಭಾಷೆಯ ಜನ ಒಂದೇ ಬೇಲಿಯೊಳಗೆ ಸಿಕ್ಕಿರುವಾಗ ಬಿಡುವುದುಂಟೆ? ವಿಲ್ಹೆಲ್ಮ್ ಡೋಗೆನ್ ಮತ್ತು ಸಂಗಡಿಗರು ಧ್ವನಿಮುದ್ರಣ ಯಂತ್ರ ತಂದು ಕೈದಿಗಳ ಮಾತು, ಹಾಡು, ಕತೆಗಳನ್ನು ತಟ್ಟೆಗಳಿಗೆ ಇಳಿಸಿಕೊಂಡರು. ಸಂಸ್ಕೃತ ವಿದ್ವಾಂಸ ಹೈನ್‌ರಿಷ್ ಲ್ಯೂಡರ್ಸ್ ಕೂಡ ಆ ತಂಡದಲ್ಲಿದ್ದ. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಸಿಪಾಯಿ ಪಂಜಾಬಿಯಲ್ಲಿ ಒಬ್ಬ ಮನುಷ್ಯನ ಕತೆ ಹೇಳಿದ. ಆ ಮನುಷ್ಯ ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ, ಈಗ ಅವನಿಗೆ ಮನೆಗೆ ಹೋಗಬೇಕಾಗಿದೆ. ತನ್ನ ಕತೆಯನ್ನೇ ಬೇರೆಯವನದೆಂಬಂತೆ ಹೇಳಿ ಮುಗಿಸಿದ. ತಟ್ಟೆ ಈಗಲೂ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿದೆ. ವಿದ್ವಾಂಸರಿಗೆ ಬೇಕಿದ್ದದ್ದು ಉಚ್ಚಾರಣೆಯ ಮಾದರಿ. ಅದರ ಜೊತೆಗೆ ಒಬ್ಬನ ಸಂಕಟವೂ ಉಳಿದುಕೊಂಡಿತು, ಲೆಕ್ಕಕ್ಕಿಲ್ಲದೆ.

ಚಳಿ ಮತ್ತು ಕ್ಷಯಕ್ಕೆ ಅನೇಕರು ಬಲಿಯಾದರು. 1917ರಲ್ಲಿ ಉಳಿದವರಲ್ಲಿ ಬಹಳಷ್ಟು ಮಂದಿಯನ್ನು ರುಮೇನಿಯಕ್ಕೆ ಸಾಗಿಸಿದರು. ಸತ್ತವರನ್ನು ಹತ್ತಿರದ ತ್ಸೇರೆನ್ಸ್‌ಡಾರ್ಫ್‌ನಲ್ಲಿ ಹೂಳಿದರು. ಅಲ್ಲಿ 206 ಭಾರತೀಯರ ಹೆಸರುಗಳಿವೆ. ಆ ಹೆಸರಿನ ಹಳ್ಳಿಯೇ ಈಗಿಲ್ಲ, ತಾಲೀಮು ಮೈದಾನಕ್ಕೆ ಹೋಯಿತು. ಮಸೀದಿ ಪಾಳುಬಿದ್ದು, 1920ರ ದಶಕದ ಮಧ್ಯದಲ್ಲಿ ನೆಲಸಮವಾಯಿತು. ‘ಮಸೀದಿ ರಸ್ತೆ’ ಎಂಬ ಹೆಸರು ಮಾತ್ರ ಊರಿನಲ್ಲಿ ಉಳಿದಿದೆ.

1935ರಲ್ಲಿ ಟ್ಯಾಂಕ್ ದಳ ಬಂತು. 1937ರಿಂದ ಕಾಡಿನ ಅಡಿಯಲ್ಲಿ ಅಗೆತ ಶುರುವಾಯಿತು. ಮೇಲೆ ನೋಡಿದರೆ ಇಳಿಜಾರು ಮಾಡು, ಹೊಗೆಗೊಳವಿ ಇರುವ ಹಳ್ಳಿಮನೆಗಳು. ಒಳಗೆ ದಪ್ಪ ಕಾಂಕ್ರೀಟು, ನೆಲದಡಿಯಲ್ಲಿ ಎರಡು ಅಂತಸ್ತು. ಹನ್ನೆರಡು ಇಂಥ ‘ಮನೆ’ಗಳ ಸಮೂಹಕ್ಕೆ ಮಾಯ್‌ಬಾಖ್ ಎಂಬ ಗುಪ್ತನಾಮ. ಪಕ್ಕದ ‘ಝೆಪ್ಪೆಲಿನ್’ ಬಂಕರಿನಿಂದ ಎಲ್ಲ ರಣರಂಗಗಳಿಗೂ ತಂತಿ, ಟೆಲಿಫೋನು. 1939ರ ಆಗಸ್ಟಿನಲ್ಲಿ ಭೂಸೇನೆಯ ಮುಖ್ಯ ಕಚೇರಿ ಇಲ್ಲಿಗೆ ಬಂತು. ಸೋವಿಯತ್ ಒಕ್ಕೂಟದ ಮೇಲಿನ ದಾಳಿಯ ಯೋಜನೆಯೂ ಇಲ್ಲಿಯ ಮೇಜುಗಳ ಮೇಲೆ ಬೆಳೆಯಿತು. ಸಿಬ್ಬಂದಿ ಅಡಗಲು ಲಿಯೋ ವಿಂಕೆಲ್ ಎಂಬಾತ ರೂಪಿಸಿದ ಮೊನಚು ತುದಿಯ ಕಾಂಕ್ರೀಟ್ ಗೋಪುರಗಳು ಬೇರೆ. ಬಾಂಬು ಬಿದ್ದರೆ ಜಾರಿಹೋಗಲೆಂದು ಆ ಆಕಾರ. ಜನ ಅವನ್ನು ಕಾಂಕ್ರೀಟ್ ಸಿಗಾರ್ ಎನ್ನುತ್ತಾರೆ. 1945ರ ಮಾರ್ಚ್ 15ರಂದು ಅಮೆರಿಕದ ವಿಮಾನಗಳು ಬಾಂಬಿನ ಮಳೆಗರೆದವು. ಏಪ್ರಿಲ್ 21ರ ಹೊತ್ತಿಗೆ ಕೆಂಪು ಸೇನೆ ಒಳಗೆ ಕಾಲಿಟ್ಟಿತ್ತು.

ರಷ್ಯನ್ನರು ಬಂಕರುಗಳನ್ನು ಸಿಡಿಸಿದರು, ಬ್ಯಾರಕ್‌ಗಳನ್ನು ಇಟ್ಟುಕೊಂಡರು. ಝೆಪ್ಪೆಲಿನ್ನನ್ನು ಮುಂದೆ ತಾವೇ ದುರಸ್ತಿ ಮಾಡಿ ಬಳಸಿದರು. 1950ರ ದಶಕದಲ್ಲಿ ಪೂರ್ವ ಜರ್ಮನಿಯಲ್ಲಿದ್ದ ಇಡೀ ಸೋವಿಯತ್ ಸೇನೆಯ ಕೇಂದ್ರ ಸ್ಥಾನ ಇದಾಯಿತು. ಬೇಲಿಯೊಳಗೆ ಸಿಕ್ಕಿದ ಊರವರು ಮನೆ ಬಿಡಬೇಕಾಯಿತು, ಹೆದ್ದಾರಿಗೂ ತಡೆ ಬಿತ್ತು. ಒಳಗೆ ಶಾಲೆ, ಅಂಗಡಿ, ರಂಗಮಂದಿರ, ಈಜುಕೊಳ, ಮಾಸ್ಕೋಗೆ ನೇರ ರೈಲು. ಹಳೆಯ ವ್ಯಾಯಾಮ ಶಾಲೆ ಅಧಿಕಾರಿಗಳ ಕ್ಲಬ್ಬಾಯಿತು, ಅದರ ಮುಂದೆ ಲೆನಿನ್ ಬಂದು ನಿಂತ. ಹತ್ತಾರು ಸಾವಿರ ಜನರ ಈ ಪಟ್ಟಣ ಹೊರಗಿನ ಜರ್ಮನರಿಗೆ ‘ನಿಷಿದ್ಧ ನಗರ’.

1994ರ ಸೆಪ್ಟೆಂಬರಿನಲ್ಲಿ ರಷ್ಯನ್ನರೂ ಹೋದರು. ಅವರು ಬಿಟ್ಟುಹೋದ ಮದ್ದುಗುಂಡು, ಕೆಟ್ಟ ಎಣ್ಣೆ, ಕಸವನ್ನು ಬಳಿಯುವುದೇ ದೊಡ್ಡ ಕೆಲಸವಾಯಿತು. ಕೆಲವು ಬ್ಯಾರಕ್‌ಗಳು ವಾಸದ ಮನೆಗಳಾದವು, 1998ರಲ್ಲಿ ಹಳೆ ಪುಸ್ತಕದಂಗಡಿಗಳು ಬಂದು ‘ಪುಸ್ತಕ ಪಟ್ಟಣ’ ಎಂಬ ಹೆಸರೂ ಬಂತು. ಬಂಕರು ನೋಡಲು ಪ್ರವಾಸಿಗರಿದ್ದಾರೆ. ದಶಕಗಳ ಕಾಲ ಯಾರೂ ಹೋಗಲಾಗದ ತಾಲೀಮು ಮೈದಾನದೊಳಗಿದ್ದ ಭಾರತೀಯರ ಸ್ಮಶಾನದ ಜೀರ್ಣೋದ್ಧಾರ 2005ರಲ್ಲಿ ಮುಗಿಯಿತು. 2015ರಲ್ಲಿ, ಸಿರಿಯ ಮುಂತಾದ ಕಡೆಗಳಿಂದ ನಿರಾಶ್ರಿತರು ಜರ್ಮನಿಗೆ ಬರುತ್ತಿದ್ದಾಗ, ಅವರ ವಸತಿಗೆಂದು ಗೊತ್ತುಮಾಡಿದ ಜಾಗ ಹಳೆಯ ಅರ್ಧಚಂದ್ರ ಶಿಬಿರದ್ದೇ ಆಗಿತ್ತು. ಕಟ್ಟಡದ ಕೆಲಸಕ್ಕೆ ಮುನ್ನ ಪುರಾತತ್ವಜ್ಞರು ಅಲ್ಲಿ ಅಗೆದು, ಶಿಬಿರದ ಮತ್ತು ಮಸೀದಿಯ ಅವಶೇಷಗಳನ್ನು ದಾಖಲಿಸಿಕೊಂಡರು.